ಕರ್ಟಿಸ್‌ಗೆ ನಾನು ಹೇಳಿಕೊಟ್ಟ ಪಾಠ

ಎಡಕ್ಕೋ, ಬಲಕ್ಕೋ ಎಂದು ಕರ್ಟಿಸ್ ಕೇಳಿದ.

ಶನಿವಾರ ಮಧ್ಯಾಹ್ನ. ನಮ್ಮ ಕಡೆಯ ಅಂಗಡಿಗಳಿರುವ ಜ್ಯಾಕ್ಸನ್ ಹೈಟ್ಸ್‌ನಲ್ಲಿ ಜೋಳದ ಹಿಟ್ಟು, ಶೇಂಗಾ, ಅಕ್ಕಿ ಎಲ್ಲ ಕಟ್ಟಿಸಿಕೊಂಡು ನಾವಿರುವ ಮಾರಿಸ್‌ಟೌನ್‌ಗೆ ಮರಳುತ್ತಿದ್ದೆವು. ನಮ್ಮ ಬೀದಿಯ ತುದಿಯ ಸ್ಟಾಪ್ ಸೈನ್ ಹತ್ತಿರ ಕಾರು ನಿಂತಿತ್ತು. ಆ ಬೀದಿಯಲ್ಲಿ ನಾವು ಹದಿನಾಲ್ಕು ವರ್ಷದಿಂದ ಇದ್ದೇವೆ. ನಾನು ನಕ್ಕುಬಿಟ್ಟೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಬಲಕ್ಕೆ ಎಂದೆ. ತಿರುಗಿಸಿದ. ಗ್ಯಾರೇಜಿನಲ್ಲಿ ಇಳಿದ ಮೇಲೆ ಅವನ ಮುಖ ನೋಡಿದೆ.

ಅವನು ನಗುತ್ತಿರಲಿಲ್ಲ.

ಕರ್ಟಿಸ್ ನನ್ನ ಗಂಡ. ಅಮೆರಿಕನ್ ಫುಟ್‌ಬಾಲ್ ಆಡಿ ಬದುಕಿದವನು. ನನ್ನೂರು ಗದಗದಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಚೆಂಡು ಒದೆಯುವ ಆಟ ಎಂದುಕೊಳ್ಳುತ್ತಾರೆ. ಅದಲ್ಲ, ಇದು ಮೈಮೇಲೆ ಬೀಳುವ ಆಟ. ಐದು ದಢೂತಿ ಆಳುಗಳು ಸಾಲಾಗಿ ಬಾಗಿ ನಿಲ್ಲುತ್ತಾರೆ. ನಡುವಿನವನಿಗೆ ಸೆಂಟರ್ ಎನ್ನುತ್ತಾರೆ. ಅವನು ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಟ್ಟು, ಮರುಕ್ಷಣವೇ ಎದುರಿಗಿರುವ ಇನ್ನೊಬ್ಬ ದಢೂತಿಗೆ ಡಿಕ್ಕಿ ಹೊಡೆಯಬೇಕು. ಹೆಲ್ಮೆಟ್ಟಿಗೆ ಹೆಲ್ಮೆಟ್ಟು. ಕರ್ಟಿಸ್ ಎಂಟು ಸೀಸನ್, ಮೂರು ತಂಡಗಳಲ್ಲಿ ಅದನ್ನೇ ಮಾಡಿದ. ಟೀವಿಯಲ್ಲಿ ಅವನ ಹೆಸರು ಹೇಳುತ್ತಿದ್ದದ್ದು ಅವನು ತಪ್ಪು ಮಾಡಿದಾಗ ಮಾತ್ರ.

ಆದರೆ ಸೆಂಟರ್ ಆದವನಿಗೆ ಮೈಬಲ ಸಾಲದು, ನೆನಪು ಬೇಕು. ಎದುರಿನವರು ನಿಂತ ರೀತಿ ನೋಡಿ, ಯಾರು ಯಾರನ್ನು ತಡೆಯಬೇಕೆಂದು ಉಳಿದ ನಾಲ್ವರಿಗೆ ಕೂಗಿ ಹೇಳುವವನು ಅವನೇ. ಅದಕ್ಕಾಗಿ ಪ್ಲೇಬುಕ್ ಎಂಬ ದಪ್ಪ ಪುಸ್ತಕವನ್ನು ಪ್ರತಿ ಬೇಸಿಗೆ ಬಾಯಿಪಾಠ ಮಾಡಬೇಕು. ಮೊಣಕಾಲಿನ ಸರ್ಜರಿಯಾಗಿ ಅವನು ನಾನು ಕೆಲಸ ಮಾಡುವ ರಿಹ್ಯಾಬ್ ಕ್ಲಿನಿಕ್ಕಿಗೆ ಬಂದಾಗ ಕೈಯಲ್ಲಿ ಆ ಪುಸ್ತಕವಿತ್ತು. ನಾನು ಫಿಸಿಯೋಥೆರಪಿಸ್ಟ್. ಕಾಲು ಮಡಿಸಿ ಎಂದು ನಾನು ಹೇಳುವುದು, ಅವನು ನೋವಿಗೆ ಹಲ್ಲು ಕಚ್ಚಿ ಪುಟದ ನಂಬರ್ ಹೇಳುವುದು. ನನ್ನಪ್ಪ ಗಣಿತದ ಮೇಷ್ಟ್ರು. ಬೆಳಗಿನ ಐದಕ್ಕೇ ನಮ್ಮನ್ನೆಬ್ಬಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದವರು. ಓದುವ ಗಂಡಸರನ್ನು ಕಂಡರೆ ನನಗೆ ಮೊದಲಿನಿಂದಲೂ ಆಸೆ. ಆ ಮೊಣಕಾಲು ಮತ್ತೆ ಆಟಕ್ಕೆ ಮರಳಲಿಲ್ಲ. ನಾವು ಮದುವೆಯಾದೆವು.

ಅಪ್ಪ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಇಲ್ಲಿಗೆ ಬಂದು, ಅಳಿಯ ಆ ಪ್ಲೇಬುಕ್ಕನ್ನು ಚಿತ್ರ ಬರೆದು ವಿವರಿಸಿದ ಮೇಲೆ, ಇವನಿಗೆ ಜ್ಯಾಮಿತಿ ಗೊತ್ತಿದೆ ಎಂದು ಒಪ್ಪಿಕೊಂಡರು.

ಮದುವೆಯಾದ ಹೊಸದರಲ್ಲಿ ಕರ್ಟಿಸ್ ಒಂದು ಕಥೆ ಹೇಳಿದ್ದ. ಸೀಸನ್ ಶುರುವಾಗುವ ಮುಂಚೆ ಆಟಗಾರರಿಗೆಲ್ಲ ಕಂಪ್ಯೂಟರ್ ಮುಂದೆ ನೆನಪಿನ ಪರೀಕ್ಷೆ ಇರುತ್ತಿತ್ತಂತೆ. ಆಮೇಲೆ ತಲೆಗೆ ಪೆಟ್ಟು ಬಿದ್ದಾಗ ಮತ್ತೆ ಪರೀಕ್ಷೆ ಮಾಡಿ, ಹಳೆಯ ಅಂಕದ ಜೊತೆ ಹೋಲಿಸುತ್ತಾರೆ. ಹಿರಿಯ ಆಟಗಾರರು ಹೊಸಬರಿಗೆ ಗುಟ್ಟಾಗಿ ಹೇಳಿಕೊಡುತ್ತಿದ್ದರಂತೆ: ಮೊದಲ ಸಲ ಬೇಕೆಂದೇ ಕೆಟ್ಟದಾಗಿ ಬರೆ, ಪೆಟ್ಟು ಬಿದ್ದ ಮೇಲೆ ಅಂಕ ಅಷ್ಟೇ ಬರುತ್ತದೆ, ಮುಂದಿನ ಭಾನುವಾರ ಆಡಬಹುದು. ಅವನೂ ಹಾಗೇ ಮಾಡಿದ. ಹೇಳುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ತಲೆಗೆ ಪೆಟ್ಟು ಬಿದ್ದವರಿಗೆ ದಿನವೂ ವ್ಯಾಯಾಮ ಮಾಡಿಸುವ ಹೆಂಗಸು ನಾನು, ನಕ್ಕೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆ ಸ್ಟಾಪ್ ಸೈನ್ ಆದಮೇಲೆ ಒಂದೊಂದೇ ಕಾಣತೊಡಗಿತು. ಬಹುಶಃ ಮೊದಲೇ ಇತ್ತು, ನಾನು ನೋಡಿರಲಿಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೆ ಏಳುವನು. ಕಿಟಕಿಯ ತನಕ ಹೋಗುವನು, ಬರುವನು. ಕೂರು ಎಂದರೆ ಕೂರುವನು, ಮತ್ತೆ ಏಳುವನು. ಮೇಲೆ, ಕೆಳಗೆ, ಬೇಸ್‌ಮೆಂಟಿಗೆ, ಮತ್ತೆ ಮೇಲೆ. ಅವನ ತೂಕಕ್ಕೆ ಮೆಟ್ಟಿಲೆಲ್ಲ ಕಿರುಗುಟ್ಟುತ್ತಿದ್ದವು. ಆ ಸದ್ದಿಗೆ ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆ ಆರಿಸಿದ್ದೇನೋ, ಬಾಗಿಲು ಹಾಕಿದ್ದೇನೋ ಎಂದು ಅವನ ಹಿಂದೆಯೇ ಸುತ್ತುತ್ತಿದ್ದೆ. ಹೈಸ್ಕೂಲೊಂದರಲ್ಲಿ ಕೋಚ್ ಆಗಿದ್ದ, ಒಂದು ದಿನ ಇನ್ನು ಹೋಗುವುದಿಲ್ಲ ಎಂದ. ಕಾರಣ ಹೇಳಲಿಲ್ಲ. ಎಂದೂ ದನಿ ಎತ್ತದವನು ಡಿಶ್‌ವಾಶರ್ ಬಾಗಿಲು ಮುಚ್ಚಲಿಲ್ಲವೆಂದು ಅದನ್ನು ಕಿತ್ತೇ ಹಾಕಿದ. ಕೈಯಲ್ಲಿ ಬಾಗಿಲು ಹಿಡಿದುಕೊಂಡು ನಿಂತವನ ಕಣ್ಣಲ್ಲಿ ಹೆದರಿಕೆ ಇತ್ತು. ನನಗಿಂತ ಅವನೇ ಹೆಚ್ಚು ಹೆದರಿದ್ದ.

ನಮ್ಮ ಫ್ಯಾಮಿಲಿ ಡಾಕ್ಟರು ಒಬ್ಬ ನ್ಯೂರಾಲಜಿಸ್ಟ್, ಅಂದರೆ ಮೆದುಳಿನ ಡಾಕ್ಟರ ಹತ್ತಿರ ಕಳಿಸಿದರು. ಅವರ ಹೆಸರು ಡಾ. ಬ್ರೆನರ್, ನನ್ನದೇ ವಯಸ್ಸಿನ ಹೆಂಗಸು. ಅಪಾಯಿಂಟ್‌ಮೆಂಟಿಗೆ ಮೂರು ವಾರವಿತ್ತು. ಮೊದಲು ಹತ್ತು ನಿಮಿಷದ ಮೆಮರಿ ಟೆಸ್ಟ್ ಇರುತ್ತದೆ ಎಂದರು.

ಟೆಸ್ಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಮೈಯೊಳಗೆ ಅಪ್ಪ ಹೊಕ್ಕರು.

ಕರ್ಟಿಸ್‌ಗೆ ಇದ್ದದ್ದು ಒಂದೇ ಚಿಂತೆ. ಕಾರಿನ ಕೀ ಕಿತ್ತುಕೊಳ್ಳುತ್ತಾರಾ? ನಮ್ಮ ಮಗಳು ಅನಘಾಗೆ ಆಗ ಹದಿನಾಲ್ಕು. ಶಾಲೆಯ ಸ್ವಿಮ್ಮಿಂಗ್ ಟೀಮಿನಲ್ಲಿದ್ದಾಳೆ. ಬೆಳಿಗ್ಗೆ ಐದೂವರೆಗೆ ಈಜುಕೊಳ ಮುಟ್ಟಬೇಕು, ಇಪ್ಪತ್ತು ನಿಮಿಷದ ದಾರಿ. ಅವಳಿಗೆ ಏಳು ವರ್ಷವಾದಾಗಿನಿಂದ ಅವಳನ್ನು ಕರೆದೊಯ್ಯುವವನು ಅವನೇ. ಆಟ ಹೋಯಿತು, ಕೋಚಿಂಗ್ ಹೋಯಿತು, ಉಳಿದದ್ದು ಇದೊಂದು ಎಂದ. ನೀನು ಪಾಸಾಗುತ್ತೀಯ, ನಾನು ತಯಾರು ಮಾಡುತ್ತೇನೆ ಎಂದೆ.

ನನ್ನ ಕ್ಲಿನಿಕ್ಕಿನಲ್ಲಿ ಅಂಥ ಪರೀಕ್ಷೆಗಳನ್ನು ದಿನಾ ನೋಡುತ್ತೇನೆ. ಗಡಿಯಾರದ ಚಿತ್ರ ಬರೆಯಬೇಕು. ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ಐದು ಪದ ಹೇಳುತ್ತಾರೆ, ಐದು ನಿಮಿಷ ಬಿಟ್ಟು ಕೇಳುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ನಾನೇ ಅದನ್ನೆಲ್ಲ ಅಡುಗೆಮನೆಯ ಟೇಬಲ್ಲಿಗೆ ತಂದೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಮಗ್ಗಿಯ ಹಾಗೆ ರಾಗವಾಗಿ ಹೇಳಿಸಿದೆ. ದಿನಕ್ಕೆ ಹತ್ತು ಗಡಿಯಾರ ಬರೆಸಿದೆ. ಐದು ಪದ ಮಾತ್ರ ನಿಲ್ಲಲಿಲ್ಲ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಹಾರಿಹೋಗುತ್ತಿತ್ತು. ಅವನು ಟೇಬಲ್ ಗುದ್ದಿ ಎದ್ದು ಹೋಗುವನು, ಬಾಗಿಲ ತನಕ ಹೋಗಿ ಬರುವನು.

ಉಪಾಯ ಹೊಳೆದದ್ದು ನನಗೇ. ಸಾಲಿನಲ್ಲಿ ಐದು ಆಳುಗಳಿಲ್ಲವೇ? ಒಬ್ಬೊಬ್ಬನ ಕೈಗೆ ಒಂದೊಂದು ಪದ ಕೊಡು ಎಂದೆ. ಎಡತುದಿಯವನ ಕೈಯಲ್ಲಿ ಸೇಬು, ಅವನ ಪಕ್ಕದವನ ಹೆಗಲ ಮೇಲೆ ಕುರ್ಚಿ, ನಡುವೆ ನೀನು. ಕರ್ಟಿಸ್‌ನ ಮುಖ ಅರಳಿತು. ಆ ನಾಲ್ವರ ಹೆಸರು, ಊರು, ಬೆವರಿನ ವಾಸನೆ ಎಲ್ಲ ಅವನಿಗೆ ನೆನಪಿತ್ತು. ಮೂರು ದಿನದಲ್ಲಿ ಯಾವ ಐದು ಪದ ಕೊಟ್ಟರೂ ತಪ್ಪದೆ ಹೇಳತೊಡಗಿದ. ನಾನು ಹಿಗ್ಗಿ ಹೀರೇಕಾಯಿಯಾದೆ.

ಅನಘಾ ಮೆಟ್ಟಿಲ ಮೇಲೆ ಕೂತು ಎಲ್ಲ ನೋಡುತ್ತಿದ್ದಳು.

ಅವನು ಪಾಸಾದ. ಡಾ. ಬ್ರೆನರ್ ಸದ್ಯಕ್ಕೆ ಗಾಬರಿಯಾಗುವಂಥದ್ದು ಕಾಣುತ್ತಿಲ್ಲ, ಒಂದು ವರ್ಷ ಬಿಟ್ಟು ನೋಡೋಣ ಎಂದರು. ಹೆಂಡತಿ ತುಂಬಬೇಕಾದ ಒಂದು ಫಾರ್ಮ್ ಇತ್ತು. ಸಿಟ್ಟು ಹೆಚ್ಚಾಗಿದೆಯೇ? ದಾರಿ ತಪ್ಪುತ್ತಾರೆಯೇ? ನಿದ್ದೆ ಸರಿಯಿದೆಯೇ? ಎಲ್ಲಕ್ಕೂ ಬದಲಾವಣೆ ಇಲ್ಲ ಎಂದು ಗುರುತು ಹಾಕಿದೆ. ಪಕ್ಕದಲ್ಲಿ ಅವನು ಕೂತಿದ್ದ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ದೂರು ಬರೆಯಲು ನನ್ನ ಕೈ ಏಳಲಿಲ್ಲ. ಮನೆಯ ಮಾತು ಮನೆಯಲ್ಲಿರಬೇಕು ಎಂದೇ ಬೆಳೆದವಳು. ಆ ಸಂಜೆ ಹೋಳಿಗೆ ಮಾಡಿದೆ. ಅವನು ಆರು ತಿಂದ, ಎದ್ದು ಅಡ್ಡಾಡುತ್ತಲೇ ತಿಂದ.

ಆಮೇಲಿನ ಹದಿನಾಲ್ಕು ತಿಂಗಳು ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದೆ. ಡಾಕ್ಟರೇ ಸರಿಯಿದೆ ಎಂದಿದ್ದಾರಲ್ಲ! ವರ್ಷ ತುಂಬಿದಾಗ ಮತ್ತೆ ತೋರಿಸುವುದನ್ನೂ ಮುಂದೂಡಿದೆ. ಅವನು ಕೂಗಾಡಿದರೆ ವಯಸ್ಸು ಎಂದೆ. ನಿದ್ದೆಯಲ್ಲಿ ಉಸಿರು ಸಿಕ್ಕಿ ಎದ್ದು ಕೂತರೆ ತೂಕ ಎಂದೆ. ನಾನು ಹೇಳಿಕೊಟ್ಟ ಉತ್ತರವನ್ನೇ ಡಾಕ್ಟರು ನನಗೆ ತಿರುಗಿಸಿ ಕೊಟ್ಟಿದ್ದರು, ನಾನು ಅದನ್ನೇ ನಂಬಿದೆ.

ಕಳೆದ ಫೆಬ್ರುವರಿಯ ಒಂದು ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು. ಅನಘಾಳ ದನಿ ಬಹಳ ಮೆತ್ತಗಿತ್ತು.

"ಅಮ್ಮಾ, ವಿ ಆರ್ ಓಕೆ. ಬಟ್ ಡ್ಯಾಡ್ ವೋಂಟ್ ಟರ್ನ್ ಅರೌಂಡ್."

ಅವಳು ಫೋನಿನಲ್ಲಿ ಕಳಿಸಿದ ಲೊಕೇಶನ್ ನೋಡಿದರೆ ಹೈವೇ ಮೇಲೆ ಮುಕ್ಕಾಲು ಗಂಟೆಯ ದೂರ. ಟ್ಯಾಕ್ಸಿ ಹಿಡಿದು ಹೇಗೆ ಹೋದೆನೋ ನನಗೇ ತಿಳಿಯದು. ಅದು ಸಾಲುಸಾಲು ಗೋದಾಮುಗಳಿರುವ ಜಾಗ. ಒಂದು ಗೇಟಿನ ಮುಂದೆ ನಮ್ಮ ಕಾರು ಅಡ್ಡ ನಿಂತಿತ್ತು, ಹಿಂದೆ ಎರಡು ಟ್ರಕ್ಕುಗಳು. ಕರ್ಟಿಸ್ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಿದ್ದ. ಪ್ರಾಕ್ಟೀಸಿಗೆ ತಡವಾಯಿತು, ಗೇಟ್ ತೆಗೆಯುತ್ತಿಲ್ಲ ಎಂದ. ಅವನ ಕೊನೆಯ ತಂಡ ಅಭ್ಯಾಸ ಮಾಡುತ್ತಿದ್ದ ಮೈದಾನ ಹಿಂದೆ ಅಲ್ಲಿತ್ತು. ಅವನಿಗೆ ಅದು ಇನ್ನೂ ಅಲ್ಲೇ ಇತ್ತು. ನಾನು ಇಳಿ ಎಂದಾಗ ಕಣ್ಣು ಮಿಟುಕಿಸಿದ. ಗೋದಾಮು ನೋಡಿದ, ನನ್ನನ್ನು ನೋಡಿದ. ಮೆಲ್ಲಗೆ ಇಳಿದು ಪಕ್ಕದ ಸೀಟಿಗೆ ಬಂದ. ಅಪರೂಪಕ್ಕೆ ಡ್ರೈವ್ ಮಾಡುವ ನಾನು ಕಾರನ್ನು ಮನೆಗೆ ತಂದೆ.

ಮನೆಗೆ ಬಂದಮೇಲೆ ಅನಘಾ ನನ್ನನ್ನು ಲಾಂಡ್ರಿ ರೂಮಿಗೆ ಕರೆದಳು. ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ, ಎಲ್ಲ ಹೇಳಿದಳು. ಅಕ್ಟೋಬರಿನಿಂದ ಅಪ್ಪನಿಗೆ ಪ್ರತಿ ತಿರುವನ್ನೂ ಅವಳೇ ಹೇಳುತ್ತಿದ್ದಳಂತೆ. ಲೆಫ್ಟ್, ಡ್ಯಾಡ್. ನೆಕ್ಸ್ಟ್ ಲೈಟ್, ಡ್ಯಾಡ್. ರೆಡ್, ಡ್ಯಾಡ್. ಆ ದಿನ ಒಂದು ಕ್ಷಣ ಶೂ ಲೇಸ್ ಕಟ್ಟಲು ಬಗ್ಗಿದ್ದಳು, ತಲೆ ಎತ್ತುವಷ್ಟರಲ್ಲಿ ಕಾರು ಹೈವೇಯಲ್ಲಿತ್ತು. ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದು ರೇಗಿದೆ. ರೇಗುವ ಮುಖ ನನಗೆಲ್ಲಿತ್ತು, ಆದರೂ ರೇಗಿದೆ.

"ಯು ಟಾಟ್ ಹಿಮ್ ದ ಆನ್ಸರ್ಸ್, ಅಮ್ಮಾ. ಐ ಥಾಟ್ ದಟ್ಸ್ ವಾಟ್ ವಿ ಡೂ."

ನಾನು ಡ್ರೈಯರ್ ಹಿಡಿದುಕೊಂಡು ನಿಂತೆ. ಉತ್ತರ ಹೇಳಿಕೊಡುವುದೇ ನಮ್ಮ ಮನೆಯ ರೀತಿ ಎಂದುಕೊಂಡಿದ್ದಳು ಅವಳು.

ನನ್ನ ಮಗಳು ನಾಲ್ಕು ತಿಂಗಳು ಜೀವ ಕೈಯಲ್ಲಿ ಹಿಡಿದು ಆ ಕಾರಿನಲ್ಲಿ ಕೂತಿದ್ದಳು, ನಾನು ಹಾಸಿಗೆಯಲ್ಲಿ ಬೆಚ್ಚಗೆ ಮಲಗಿದ್ದೆ. ಈ ಒಂದು ಮಾತು ಇವತ್ತಿಗೂ ನನ್ನನ್ನು ಕೂತಲ್ಲಿ ಕೂರಗೊಡುವುದಿಲ್ಲ.

ಇಲ್ಲಿಂದ ಒಂದೂವರೆ ಗಂಟೆಯ ದಾರಿ, ಜೆರಿಕೋ ಎಂಬ ಊರಿನಲ್ಲಿ ಸುಮಂಗಲಕ್ಕ ಇದ್ದಾರೆ. ಧಾರವಾಡದವರು, ಆಪರೇಶನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಾಗಿ ರಿಟೈರ್ ಆದವರು, ನನಗೆ ಇಲ್ಲಿನ ತವರು. ಅವರಿಗೆ ಫೋನ್ ಮಾಡಿ ಎಲ್ಲ ಒದರಿದೆ. ಅಳುತ್ತಲೇ ಒದರಿದೆ. ಅವರು ಸಮಾಧಾನ ಹೇಳುತ್ತಾರೆಂದುಕೊಂಡಿದ್ದೆ.

"ಅಲ್ಲವಾ ಶೈಲಾ, ನೀ ಪಾಠ ಹೇಳಿಕೊಟ್ಟಿದ್ದು ಅವರಿಗೋ, ಅವರ ರೋಗಕ್ಕೋ? ಡಾಕ್ಟರ್ ಮುಂದ ಸುಳ್ಳು ಹೇಳಿದ್ರ ಬ್ಯಾನಿ ನಾಚಿ ಓಡಿ ಹೋಗ್ತದೇನು?"

ಕೀಯನ್ನು ಇವತ್ತೇ ಮುಚ್ಚಿಡು, ನಾಳೆಯೇ ಡಾಕ್ಟರ ಹತ್ತಿರ ಹೋಗಿ ಮಾಡಿದ್ದನ್ನೆಲ್ಲ ಹೇಳು, ಅದೂ ಕರ್ಟಿಸ್ ಎದುರಿಗೇ ಹೇಳು ಎಂದರು. ಗಂಡನ ಬೆನ್ನ ಹಿಂದೆ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ ಎಂದರು. ಮಾಡಿದ್ದುಣ್ಣೋ ಮಹಾರಾಯ ಎಂದು ಊರವರಿಗೆಲ್ಲ ಹೇಳುತ್ತಿದ್ದವಳು ನಾನು, ಈಗ ನನ್ನ ಸರದಿ.

ಅಪಾಯಿಂಟ್‌ಮೆಂಟ್ ಮರುದಿನವೇ ಸಿಗಲಿಲ್ಲ, ಎಂಟು ದಿನಕ್ಕೆ ಸಿಕ್ಕಿತು. ಆ ಎಂಟು ದಿನ ಕೀಯನ್ನು ಅಕ್ಕಿ ಡಬ್ಬದಲ್ಲಿಟ್ಟೆ, ಅಲ್ಲಿಂದ ತೆಗೆದು ನನ್ನ ಬ್ಯಾಗಿನಲ್ಲಿಟ್ಟೆ, ಅಲ್ಲಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕರ್ಟಿಸ್ ಎಲ್ಲ ಡ್ರಾಯರ್ ತೆಗೆದು ನೆಲಕ್ಕೆ ಸುರಿದ. ಕೀ ಎಲ್ಲಿ ಎಂದು ಗಂಟೆಗೊಮ್ಮೆ ಕೇಳಿದ. ಕೊಡುವುದಿಲ್ಲ ಎಂದೆ. ಒಮ್ಮೆ ಗೋಡೆಗೆ ಗುದ್ದಿದ, ಇಲ್ಲಿನ ತೆಳು ಹಲಗೆಯ ಗೋಡೆ ಒಡೆದು ಕೈ ಒಳಗೆ ಹೋಯಿತು. ಅನಘಾಳನ್ನು ಅವಳ ಗೆಳತಿಯ ಮನೆಯವರು ಈಜಿಗೆ ಕರೆದುಕೊಂಡು ಹೋದರು. ಕಾರಿನ ಹಾರ್ನ್ ಕೇಳಿದಾಗ ಅವನು ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದ.

ಡಾ. ಬ್ರೆನರ್ ಎದುರು ಕೂತು ಹೇಗೆ ಶುರುಮಾಡಬೇಕೆಂದು ತಿಳಿಯಲಿಲ್ಲ. ಕಳೆದ ಸಲ ಇವನು ಬರೆದ ಪರೀಕ್ಷೆ ನಾನು ಬರೆಸಿದ್ದು ಎಂದೆ. ಗಡಿಯಾರ, ಏಳರ ಮಗ್ಗಿ, ಐದು ಆಳುಗಳು, ಎಲ್ಲ ಹೇಳಿದೆ. ಫಾರ್ಮಿನಲ್ಲಿ ಬರೆದದ್ದು ಸುಳ್ಳು ಎಂದೆ. ಡಿಶ್‌ವಾಶರ್, ಗೋಡೆ, ಗೋದಾಮಿನ ಗೇಟು. ಮಗಳು ದಾರಿ ಹೇಳುತ್ತಿದ್ದದ್ದನ್ನೂ ಹೇಳಿದೆ. ಅದು ಕರ್ಟಿಸ್‌ಗೆ ಗೊತ್ತಿರಲಿಲ್ಲ. ಅಂದರೆ, ಅವಳು ಹೇಳುತ್ತಿದ್ದದ್ದು ಗೊತ್ತು. ಅದಿಲ್ಲದೆ ತನಗೆ ಆಗುತ್ತಿರಲಿಲ್ಲ ಎಂಬುದು ಗೊತ್ತಿರಲಿಲ್ಲ.

ಅವನು ಎದ್ದ. ಆ ಸಣ್ಣ ಕೋಣೆಯಲ್ಲಿ ಬಾಗಿಲಿಗೂ ಸಿಂಕಿಗೂ ನಡುವೆ ಮೂರು ಹೆಜ್ಜೆ. ಹೋದ, ಬಂದ, ಹೋದ. ಬಾಗಿಲು ತೆಗೆದು ಹೊರಟೇಬಿಡುತ್ತಾನೆ, ಇನ್ನೆಂದೂ ನನ್ನನ್ನು ನಂಬುವುದಿಲ್ಲ ಎಂದುಕೊಂಡೆ.

ಕೊನೆಗೆ ಸಿಂಕಿನ ಹತ್ತಿರ ನಿಂತು ಅವನು ಕೇಳಿದ, ನನ್ನನ್ನಲ್ಲ, ಡಾಕ್ಟರನ್ನು: ಮಗಳು ಎಷ್ಟು ಹೆದರಿದ್ದಿರಬೇಕು? ಅವರು ಗೊತ್ತಿಲ್ಲ ಎಂದರು. ಅವನು ಕೂತ. ಮತ್ತೆ ಪರೀಕ್ಷೆ ಮಾಡಿ ಎಂದ.

ಈ ಸಲದ್ದು ನಾಲ್ಕು ಗಂಟೆಯ ಪರೀಕ್ಷೆ. ನನ್ನನ್ನು ಹೊರಗೆ ಕೂರಿಸಿದರು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಾನೂ ಅವನ ಹಾಗೆಯೇ ಅಡ್ಡಾಡಿದೆ. ಹೊರಬಂದಾಗ ಅವನ ಶರ್ಟು ಬೆವರಿನಿಂದ ಬೆನ್ನಿಗೆ ಅಂಟಿತ್ತು. ಹೇಗೆ ಮಾಡಿದೆ ಎಂದು ಬಾಯಿತಪ್ಪಿ ಕೇಳಿಬಿಟ್ಟೆ. ನೋಡಿ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಗೊತ್ತಿಲ್ಲ, ಏನನ್ನೂ ಮುಚ್ಚಿಡಲಿಲ್ಲ ಎಂದ. ಪಾರ್ಕಿಂಗ್ ತನಕ ನನ್ನ ಭುಜ ಹಿಡಿದುಕೊಂಡು ನಡೆದ.

ಫಲಿತಾಂಶ ಕೆಟ್ಟದಾಗಿತ್ತು. ಹೊಸದನ್ನು ಹಿಡಿದಿಡುವ ಶಕ್ತಿ, ದಾರಿ ಗುರುತಿಸುವುದು, ಸಿಟ್ಟು ತಡೆದುಕೊಳ್ಳುವುದು, ಎಲ್ಲಕ್ಕೂ ಏಟು ಬಿದ್ದಿದೆ ಎಂದರು. ವರ್ಷಗಟ್ಟಲೆ ತಲೆಗೆ ಬಿದ್ದ ಪೆಟ್ಟುಗಳಿಂದ ಬರುವ ಸಿ.ಟಿ.ಇ. ಎಂಬ ಕಾಯಿಲೆಯ ಅನುಮಾನ. ಖಚಿತ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿದೆ.

ಸತ್ತ ಮೇಲೆ ಮೆದುಳನ್ನು ನೋಡಿದರೆ ಮಾತ್ರ.

ಕರ್ಟಿಸ್ ತಲೆಯಾಡಿಸಿದ. ಅವನಿಗೆ ಅದು ಮೊದಲೇ ಗೊತ್ತಿತ್ತು. ಅವನ ಸಾಲಿನ ಐವರಲ್ಲಿ ಒಬ್ಬ ಈಗಿಲ್ಲ, ಸತ್ತ ಮೇಲೆ ಮೆದುಳು ನೋಡಿದಾಗ ಇದೇ ಸಿಕ್ಕಿತೆಂದು ಆ ಮನೆಯವರು ಕರ್ಟಿಸ್‌ಗೆ ಹೇಳಿದ್ದರು. ನನಗೆ ಅವನು ಹೇಳಿರಲಿಲ್ಲ.

ಆದರೆ ಅಷ್ಟೇ ಅಲ್ಲ. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಯೂ ಇತ್ತು, ಡಿಪ್ರೆಶನ್ನೂ ಇತ್ತು. ಇವೆರಡಕ್ಕೂ ಚಿಕಿತ್ಸೆ ಇದೆ, ಇವು ಸರಿಹೋದರೆ ಉಳಿದದ್ದೂ ಸ್ವಲ್ಪ ಹಗುರಾಗಬಹುದು ಎಂದರು. ಮೂಗಿಗೆ ಮಾಸ್ಕ್ ಹಾಕಿ ಮಲಗುವ ಮಶೀನ್ ಬಂತು, ಮಾತ್ರೆ ಬಂತು. ಎರಡು ತಿಂಗಳಲ್ಲಿ ಅವನ ದನಿ ಇಳಿಯಿತು. ಊಟದ ಟೇಬಲ್ಲಿನಲ್ಲಿ ಈಗ ಒಂದು ರೊಟ್ಟಿ ಮುಗಿಯುವ ತನಕ ಕೂರುತ್ತಾನೆ. ಈ ಕೂರುವುದನ್ನು ನಾನು ಅವನಿಗೆ ಹದಿನಾಲ್ಕು ತಿಂಗಳು ತಡವಾಗಿ ಕೊಡಿಸಿದೆ. ಅವನು ಕ್ಷಮಿಸಿದ್ದಾನೆ. ನಾನಿನ್ನೂ ಕ್ಷಮಿಸಿಕೊಂಡಿಲ್ಲ. ರೋಗ ನಿಂತಿಲ್ಲ, ನಿಲ್ಲುವುದೂ ಇಲ್ಲ. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಮತ್ತೆ ಮೆಟ್ಟಿಲು ಕಿರುಗುಟ್ಟುತ್ತದೆ.

ಫಲಿತಾಂಶ ಬಂದ ದಿನ, ಡ್ರೈವಿಂಗ್ ನಿಲ್ಲಿಸಬೇಕೆಂದು ಡಾ. ಬ್ರೆನರ್ ಹೇಳಿದ ಸಂಜೆ ಅವನು ಅನಘಾಳನ್ನು ಕರೆದ. ಲೈಸೆನ್ಸನ್ನು ಪರ್ಸಿನಿಂದ ತೆಗೆದು ಅವಳ ಕೈಗೆ ಕೊಟ್ಟ. ನಾಳೆಯಿಂದ ನಿನ್ನಮ್ಮ ಕರೆದುಕೊಂಡು ಹೋಗುತ್ತಾಳೆ ಎಂದ. ಆಮೇಲೆ ಸಾರಿ ಎಂದ. ಅವಳು ಅವನ ಎದೆಗೆ ತಲೆ ಇಟ್ಟಳು. ಅಷ್ಟು ದೊಡ್ಡ ಮನುಷ್ಯ ನಡುಗಿದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ.

ಮರುದಿನ ಬೆಳಿಗ್ಗೆ ಐದಕ್ಕೆ ನಾನು ಸ್ಟೀರಿಂಗ್ ಹಿಡಿದೆ. ಹೊರಗೆ ಹಿಮ ಕರಗಿ ರಸ್ತೆ ಒದ್ದೆಯಾಗಿತ್ತು. ತಾನೂ ಬರುತ್ತೇನೆ ಎಂದು ಕರ್ಟಿಸ್ ಹಟ ಹಿಡಿದು ಮುಂದೆ ಕೂತ. ಅವನ ಮೊಣಕಾಲು ಕುಣಿಯುತ್ತಲೇ ಇತ್ತು, ಕೈ ಡ್ಯಾಶ್‌ಬೋರ್ಡ್ ಮೇಲೆ ತಾಳ ಹಾಕುತ್ತಿತ್ತು. ನನಗೂ ಗಾಬರಿ, ಪ್ರತಿ ಸಿಗ್ನಲ್ಲಿನಲ್ಲೂ ಎರಡೆರಡು ಸಲ ಕನ್ನಡಿ ನೋಡುತ್ತಿದ್ದೆ. ಮೂರನೇ ಸಿಗ್ನಲ್ ದಾಟುವಾಗ ಕರ್ಟಿಸ್ ಹಿಂದಕ್ಕೆ ತಿರುಗಿ ನೋಡಿದ. ತಾಳ ನಿಲ್ಲಿಸಿದ. ಕೈಚಾಚಿ ರೇಡಿಯೋ ಆರಿಸಿದ. ಅವನಿಗೆ ಬರುವ ಕನ್ನಡ ಹತ್ತಿಪ್ಪತ್ತು ಮಾತು, ಎಲ್ಲ ಅನಘಾ ಕೂಸಾಗಿದ್ದಾಗ ಕಲಿತದ್ದು.

"ಮಲಗಿದಾಳೆ" ಎಂದು ಪಿಸುಗುಟ್ಟಿದ.

ಹಿಂದಿನ ಸೀಟಿನಲ್ಲಿ ಬಾಯಿ ತೆರೆದು, ಬ್ಯಾಗಿನ ಮೇಲೆ ಕೆನ್ನೆ ಇಟ್ಟು, ಅವಳು ಗಾಢ ನಿದ್ದೆಯಲ್ಲಿದ್ದಳು. ಈಜುಕೊಳ ಬಂತು. ಐದೂವರೆ ಆಯಿತು. ನಾನು ಇಂಜಿನ್ ಆರಿಸಿದೆ. ನಾವಿಬ್ಬರೂ ಅವಳನ್ನು ಎಬ್ಬಿಸಲಿಲ್ಲ.